ಪಿಕಪ್‌ಗೆ ಟೆಂಟ್ ಕಟ್ಟೋ ಮುಂಚೆ ಆರ್‌ಸಿ ಒಮ್ಮೆ ತೆಗೆದು ಓದಿ: ಟೇಕಲ್ ಹೋಬಳಿ ಗಾಡಿ ಮಾಲೀಕರಿಗೆ ಒಂದು ಲೆಕ್ಕ

ಟೇಕಲ್: ವಾರಕ್ಕೆ ಆರು ದಿನ ಟೊಮೆಟೊ ಬಾಕ್ಸ್, ಹೂವಿನ ಮೂಟೆ, ಶಿವಾರಪಟ್ಟಣದ ಕಲ್ಲಿನ ವಿಗ್ರಹ ಹೊರುವ ಪಿಕಪ್ ಗಾಡಿಗೆ ಏಳನೇ ದಿನ ಹೊಸ ಕೆಲಸ ಬಂದಿದೆ. ಹಿಂದಿನ ಬಾಡಿಗೆ ಕಾರ್ಪೆಟ್ ಹಾಸಿ, ಎರಡೂ ಬದಿಗೆ ಬೆಂಚ್ ಕೂರಿಸಿ, ಮೇಲೆ ಟಾರ್ಪಾಲು ಕಟ್ಟಿ, ಮನೆಮಂದಿಯನ್ನೆಲ್ಲ ಹತ್ತಿಸಿಕೊಂಡು ಬೆಟ್ಟದ ಕಡೆಗೋ ಕೆರೆ ಕಡೆಗೋ ಹೋಗಿ ರಾತ್ರಿ ಉಳಿದು ಬರೋದು. ಮೊಬೈಲ್ ತೆಗೆದರೆ ಇಂಥದೇ ರೀಲ್ಸ್. ಗಾಡಿ ಎತ್ತರ ಮಾಡಿಸಿದವರು, ದಪ್ಪ ಟೈರ್ ಹಾಕಿಸಿದವರು, ಮುಂದೆ ಕಬ್ಬಿಣದ ಗಾರ್ಡ್, ತಲೆ ಮೇಲೆ ಎಲ್‌ಇಡಿ ಪಟ್ಟಿ ಕೂರಿಸಿದವರು. ನೋಡಿದ ಹುಡುಗರು ಗ್ಯಾರೇಜ್‌ಗೆ ಬಂದು "ನಮ್ಮ ಗಾಡಿಗೂ ಹಿಂಗೇ ಮಾಡ್ಕೊಡಣ್ಣ" ಅಂತಾರೆ.

ಆಸೆ ತಪ್ಪಲ್ಲ. ವರ್ಷವಿಡೀ ಮಾರ್ಕೆಟ್ಟು, ಲೋಡು, ಅನ್‌ಲೋಡು ಅಂತ ಓಡಾಡೋ ಮನುಷ್ಯ ಹೆಂಡತಿ ಮಕ್ಕಳ ಜೊತೆ ಒಂದು ರಾತ್ರಿ ಬಯಲಲ್ಲಿ ಕಳೀಬೇಕು ಅಂದರೆ ಯಾರು ಬೇಡ ಅಂತಾರೆ? ಆದರೆ ಈ ಖರ್ಚಿನ ಪಟ್ಟಿಯಲ್ಲಿ ಯಾರೂ ಬರೆಯದ ಒಂದು ಸಾಲು ಇದೆ. ಹಿಂದೆ ಕೂತವರಿಗೆ ಏನಾದರೂ ಆದರೆ ಆ ದುಡ್ಡು ಯಾರು ಕೊಡಬೇಕು? ಬಹುಪಾಲು ಸಂದರ್ಭದಲ್ಲಿ ಉತ್ತರ ಒಂದೇ: ಗಾಡಿ ಮಾಲೀಕ. ಇನ್ಶೂರೆನ್ಸ್ ಕಂಪನಿ ಅಲ್ಲ. ಹೇಗೆ ಅಂತ ನೋಡೋಣ.

ಯಾಕೆ ಈಗ?

ಮೊದಲನೇ ಕಾರಣ ಬೆಲೆ. 2025ರ ಸೆಪ್ಟೆಂಬರ್ 22ರಿಂದ ಸರಕು ಸಾಗಣೆ ವಾಹನಗಳ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿಯಿತು. ತೆರಿಗೆಗೆ ಮುಂಚಿನ ಬೆಲೆ 8 ಲಕ್ಷ ಅಂತ ಇಟ್ಟುಕೊಂಡರೆ, ಮುಂಚೆ 2.24 ಲಕ್ಷ ಬೀಳುತ್ತಿದ್ದ ತೆರಿಗೆ ಈಗ 1.44 ಲಕ್ಷ. ಉಳಿಕೆ 80 ಸಾವಿರ. ಹೊಸ ಗಾಡಿ ತಗೊಳ್ಳೋನ ಕಣ್ಣು ಈ ಉಳಿದ ದುಡ್ಡಿನ ಮೇಲೆ ಬೀಳ್ತದೆ. ಟೈರ್ ಬದಲಾಯಿಸೋಣ, ಲೈಟ್ ಹಾಕಿಸೋಣ ಅನ್ನೋ ಮಾತು ಇಲ್ಲಿಂದ ಶುರು.

ಎರಡನೇದು ರಸ್ತೆ. ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇನಲ್ಲಿ ಕರ್ನಾಟಕದ ಪಾಲು ಹೊಸಕೋಟೆಯಿಂದ ಬೇತಮಂಗಲದ ತನಕ ಸುಮಾರು 71 ಕಿ.ಮೀ. ಇದು ಮಾಲೂರು ತಾಲ್ಲೂಕಿನ ಮೇಲೇ ಹಾದುಹೋಗ್ತದೆ. ಶನಿವಾರ, ಭಾನುವಾರ ಬೆಂಗಳೂರಿನ ಕಡೆಯಿಂದ ಬರೋ ಗಾಡಿಗಳನ್ನ ನೀವೇ ನೋಡಿರ್ತೀರಿ. ಅದರಲ್ಲಿ ಇಸುಜು ವಿ-ಕ್ರಾಸ್, ಟೊಯೊಟ ಹೈಲಕ್ಸ್ ಥರದ ದೊಡ್ಡ ಪಿಕಪ್‌ಗಳೂ ಇರ್ತವೆ. ನಮ್ಮ ಹುಡುಗರು ಆ ಗಾಡಿ ನೋಡಿ ತಮ್ಮ ಬೊಲೆರೊ ಪಿಕಪ್‌ಗೂ ಅದೇ ವೇಷ ಹಾಕಿಸಬೇಕು ಅಂತಾರೆ.

ಎರಡೂ ಗಾಡಿಗೆ ಪಿಕಪ್ ಅನ್ನೋ ಹೆಸರು ಒಂದೇ, ಕಟ್ಟಿರೋ ಉದ್ದೇಶ ಬೇರೆ. ವಿ-ಕ್ರಾಸ್, ಹೈಲಕ್ಸ್ ಡಬಲ್ ಕ್ಯಾಬಿನ್ ಗಾಡಿಗಳು. ಒಳಗೇ 5 ಜನಕ್ಕೆ ಸೀಟು, ಸೀಟ್ ಬೆಲ್ಟು ಕಂಪನಿಯಿಂದಲೇ ಬಂದಿರ್ತವೆ. ಫೋರ್ ಬೈ ಫೋರ್ ಅಂದರೆ ನಾಲ್ಕೂ ಚಕ್ರಕ್ಕೆ ಎಂಜಿನ್ ಶಕ್ತಿ ಹೋಗೋ ವ್ಯವಸ್ಥೆ ಇರ್ತದೆ. ನಮ್ಮಲ್ಲಿ ಲೋಡ್ ಹೊಡೆಯೋ ಪಿಕಪ್‌ಗಳಲ್ಲಿ ಬಹುಪಾಲು ಸಿಂಗಲ್ ಕ್ಯಾಬಿನ್, ಹಿಂದಿನ ಚಕ್ರ ಮಾತ್ರ ತಳ್ಳೋ ಗಾಡಿ. ಅವನ ಗಾಡಿಯಲ್ಲಿ ಮಕ್ಕಳು ಸೀಟ್ ಮೇಲೆ ಬೆಲ್ಟ್ ಹಾಕ್ಕೊಂಡು ಕೂತಿರ್ತಾರೆ. ನಮ್ಮ ಗಾಡಿಯಲ್ಲಿ ಟೊಮೆಟೊ ಬಾಕ್ಸ್ ಇಡೋ ಜಾಗದಲ್ಲಿ ಕೂತಿರ್ತಾರೆ. ವ್ಯತ್ಯಾಸ ಅಷ್ಟೇ. ಆದರೆ ಅಪಘಾತದಲ್ಲೂ ಕೋರ್ಟಿನಲ್ಲೂ ಅದೇ ಎಲ್ಲಾ.

ಕಾನೂನು ಏನು ಹೇಳ್ತದೆ

ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಸರಳವಾಗಿದೆ. ಕಂಪನಿ ಗಾಡಿ ಮಾಡುವಾಗ ಏನು ಬರೆದುಕೊಟ್ಟಿತೋ, ಆರ್‌ಸಿಯಲ್ಲಿ ಏನು ನಮೂದಾಗಿದೆಯೋ, ಗಾಡಿ ಅದಕ್ಕೆ ವ್ಯತ್ಯಾಸ ಆಗುವ ಹಾಗೆ ಬದಲಾಯಿಸಬಾರದು. ಸಿಎನ್‌ಜಿ ಕಿಟ್ ಥರ ಸರ್ಕಾರವೇ ಒಪ್ಪಿರೋ ಬದಲಾವಣೆಗಳಿಗೆ ದಾರಿ ಇದೆ, ಅದನ್ನೂ ಆರ್‌ಟಿಒ ಮೂಲಕ ಮಾಡಿಸಿ ಆರ್‌ಸಿಯಲ್ಲಿ ಬರೆಸಬೇಕು.

ಇದರ ಬಗ್ಗೆ ಕೇರಳದಿಂದ ಒಂದು ಕೇಸು ಸುಪ್ರೀಂ ಕೋರ್ಟ್ ತನಕ ಹೋಯಿತು. 2019ರ ಜನವರಿ 9ರಂದು ನ್ಯಾಯಮೂರ್ತಿ ಅರುಣ್ ಮಿಶ್ರಾ ಮತ್ತು ವಿನೀತ್ ಸರಣ್ ಅವರ ಪೀಠ ತೀರ್ಪು ಕೊಟ್ಟಿತು. ಕಂಪನಿ ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಾಯಿಸುವಂತಿಲ್ಲ, ಹಾಗೆ ಬದಲಾಯಿಸಿದ ಗಾಡಿಯನ್ನ ರಿಜಿಸ್ಟರ್ ಮಾಡುವಂತಿಲ್ಲ ಅಂತ. ಅದೇ ವರ್ಷ ಕಾಯ್ದೆಗೆ ತಿದ್ದುಪಡಿಯೂ ಬಂತು. ಅನುಮತಿ ಇಲ್ಲದ ಬದಲಾವಣೆ ಮಾಡಿಸಿದ ಮಾಲೀಕನಿಗೆ 6 ತಿಂಗಳವರೆಗೆ ಜೈಲು, ಇಲ್ಲವೇ ಒಂದೊಂದು ಬದಲಾವಣೆಗೂ 5 ಸಾವಿರ ದಂಡ, ಇಲ್ಲವೇ ಎರಡೂ. "ಒಂದೊಂದು ಬದಲಾವಣೆಗೂ" ಅನ್ನೋ ಮಾತು ಗಮನಿಸಿ. ಎತ್ತರ ಮಾಡಿಸಿದ್ದು ಒಂದು, ಬೆಂಚ್ ವೆಲ್ಡ್ ಮಾಡಿಸಿದ್ದು ಒಂದು ಅಂತ ಎಣಿಸಿದರೆ ಎರಡಾಯಿತು.

ಬಿಡಿಭಾಗ ಮಾರೋ ಅಂಗಡಿಯವರೂ ಇದನ್ನ ಓದಬೇಕು. ಸುರಕ್ಷತೆಗೆ ಮುಖ್ಯ ಅಂತ ಕೇಂದ್ರ ಸರ್ಕಾರ ಅಧಿಸೂಚಿಸಿದ ಬಿಡಿಭಾಗ ನಿಯಮದ ಗುಣಮಟ್ಟಕ್ಕೆ ಇಲ್ಲದಿದ್ದರೂ ಮಾರಿದವರಿಗೆ ಅದೇ ತಿದ್ದುಪಡಿಯಲ್ಲಿ 1 ವರ್ಷದವರೆಗೆ ಜೈಲು ಅಥವಾ ಬಿಡಿಭಾಗ ಒಂದಕ್ಕೆ 1 ಲಕ್ಷ ದಂಡ, ಇಲ್ಲವೇ ಎರಡೂ ಅಂತ ಇದೆ. ಹೆಸರಿಲ್ಲದ ಡಬ್ಬದಲ್ಲಿ ಅಗ್ಗಕ್ಕೆ ಬರೋ ಮಾಲು ತರಿಸೋ ಮುಂಚೆ ಯೋಚನೆ ಮಾಡಿ.

ಮುಂದಿನ ಕಬ್ಬಿಣದ ಗಾರ್ಡ್ ವಿಷಯ: ಇದು ಬೇಡ ಅಂತ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲೇ ರಾಜ್ಯಗಳಿಗೆ ಪತ್ರ ಬರೆದಿದೆ. ಗುದ್ದಿದಾಗ ಮುಂಭಾಗ ನುಜ್ಜಾಗಿ ಏಟನ್ನ ತಾನು ತಗೊಳ್ಳೋ ಹಾಗೆ ಕಂಪನಿ ಗಾಡಿ ಕಟ್ಟಿರ್ತದೆ. ಗಾರ್ಡ್ ಇದ್ದರೆ ಆ ಏಟು ನೇರ ಚಾಸಿಗೆ, ಅಲ್ಲಿಂದ ಒಳಗೆ ಕೂತವರಿಗೆ. ಎದುರಿಗೆ ನಡಕೊಂಡು ಹೋಗೋನು ಸಿಕ್ಕರೆ ಅವನ ಕಥೆ ಹೇಳೋದೇ ಬೇಡ. ಏರ್‌ಬ್ಯಾಗ್ ಇರೋ ಗಾಡಿಯಲ್ಲಿ ಸೆನ್ಸರ್ ಸರಿಯಾಗಿ ಕೆಲಸ ಮಾಡದೇ ಹೋಗಬಹುದು.

ಎಲ್‌ಇಡಿ ಲೈಟ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಕಣ್ಣು ಕುಕ್ಕೋ ಲೈಟ್ ಹಾಕಿದ ಗಾಡಿಗಳ ಮೇಲೆ 2024ರ ಜುಲೈನಿಂದ ರಾಜ್ಯದಾದ್ಯಂತ ಪೊಲೀಸರು ಕೇಸು ಹಾಕಿದರು. ರಾತ್ರಿ ಮಾಲೂರು ರಸ್ತೆಯಲ್ಲಿ ಬೈಕ್ ಓಡಿಸೋರಿಗೆ ಆ ಲೈಟಿನ ಕಷ್ಟ ಗೊತ್ತು.

ಹಳದಿ ಬೋರ್ಡ್ ಗಾಡಿಯವರಿಗೆ ಇನ್ನೊಂದು ತಾಪತ್ರಯ ಎಫ್‌ಸಿ. ಗಾಡಿಗೆ 8 ವರ್ಷ ಆಗೋವರೆಗೆ 2 ವರ್ಷಕ್ಕೊಮ್ಮೆ, ಆಮೇಲೆ ವರ್ಷ ವರ್ಷ ಎಫ್‌ಸಿ ಮಾಡಿಸಲೇಬೇಕು. ಅದಕ್ಕೆ ಮುಂಚೆ ಎಲ್ಲಾ ಬಿಚ್ಚಿಸಿ, ಆಮೇಲೆ ಮತ್ತೆ ಹಾಕಿಸೋರು ಇದ್ದಾರೆ. ಎರಡು ಸಲ ಕೂಲಿ, ಎರಡು ಸಲ ವೆಲ್ಡಿಂಗ್, ಚಾಸಿಗೆ ಎರಡು ಸಲ ಏಟು. ಅದರಲ್ಲಿ ಉಳಿತಾಯ ಏನು ಬಂತು?

ಇನ್ಶೂರೆನ್ಸ್ ಕೈಕೊಡೋ ಜಾಗ

ಪಾಲಿಸಿ ಕಟ್ಟಿದ್ದೀನಲ್ಲ, ಏನಾದ್ರೂ ಆದ್ರೆ ಅವರು ನೋಡ್ಕೊಳ್ತಾರೆ ಅನ್ನೋದು ನಮ್ಮ ಕಡೆ ತುಂಬಾ ಜನರ ನಂಬಿಕೆ. ಸರಕು ಗಾಡಿ ವಿಷಯದಲ್ಲಿ ಈ ನಂಬಿಕೆ ಅರ್ಧ ಮಾತ್ರ ಸರಿ.

2002ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆಶಾ ರಾಣಿ ಪ್ರಕರಣದಲ್ಲಿ ಸ್ಪಷ್ಟ ಮಾಡಿದೆ. ಸರಕು ವಾಹನದಲ್ಲಿ ಸುಮ್ಮನೆ ಹತ್ತಿಸಿಕೊಂಡು ಹೋದ ಪ್ರಯಾಣಿಕರಿಗೆ ಪರಿಹಾರ ಕೊಡೋ ಹೊಣೆ ಕಡ್ಡಾಯ ಇನ್ಶೂರೆನ್ಸ್‌ನಲ್ಲಿ ಕಂಪನಿಗೆ ಇಲ್ಲ. 1994ರ ತಿದ್ದುಪಡಿಯಿಂದ ಸರಕಿನ ಮಾಲೀಕ ಅಥವಾ ಅವನ ಪ್ರತಿನಿಧಿಗೆ ರಕ್ಷಣೆ ಸಿಕ್ಕಿದೆ. ಅಂದರೆ ತನ್ನ ಟೊಮೆಟೊ ಜೊತೆ ಮಾರ್ಕೆಟ್‌ಗೆ ಹೋಗೋ ರೈತ ಆ ಲೆಕ್ಕಕ್ಕೆ ಬರ್ತಾನೆ. ಆ ರೈತನೂ ಕ್ಯಾಬಿನ್ ಒಳಗೆ ಕೂತಿರಬೇಕು, ಹಿಂದೆ ಲೋಡ್ ಮೇಲೆ ಕೂತರೆ ಆಗಲ್ಲ ಅಂತ 2007ರ ಇನ್ನೊಂದು ತೀರ್ಪು ಹೇಳಿತು. ಜಾತ್ರೆಗೆ, ಮದುವೆಗೆ, ಕ್ಯಾಂಪಿಂಗ್‌ಗೆ ಅಂತ ಹಿಂದೆ ಕೂರಿಸಿಕೊಂಡ ಹೆಂಡತಿ, ಮಕ್ಕಳು, ಭಾವಮೈದ, ಪಕ್ಕದ ಮನೆಯವರು ಇದರಲ್ಲಿ ಯಾವುದಕ್ಕೂ ಸೇರಲ್ಲ.

2004ರ ಬಲ್ಜಿತ್ ಕೌರ್ ಪ್ರಕರಣದಲ್ಲಿ ಕೋರ್ಟ್ ಇನ್ನೊಂದು ಹೆಜ್ಜೆ ಹಾಕಿತು. ಇಂಥ ಪ್ರಯಾಣಿಕರ ಪರಿಹಾರ ಗಾಡಿ ಮಾಲೀಕನ ಹೊಣೆ ಅಂತ ಹೇಳಿ, ಮೊದಲು ಕಂಪನಿ ಸಂತ್ರಸ್ತರಿಗೆ ಕೊಟ್ಟು ಆಮೇಲೆ ಮಾಲೀಕನಿಂದ ವಸೂಲಿ ಮಾಡಿಕೊಳ್ಳಲಿ ಎಂದಿತು. ಕೊಟ್ಟರೂ ಕಂಪನಿ ಸುಮ್ಮನಿರಲ್ಲ, ನಿಮ್ಮ ಮನೆ, ಹೊಲದ ಕಡೆ ಬರ್ತದೆ ಅಂತ ಅರ್ಥ.

ಮೊತ್ತ ಎಷ್ಟಾಗಬಹುದು? ಲೆಕ್ಕ ಹಾಕೋ ವಿಧಾನವನ್ನ ಸುಪ್ರೀಂ ಕೋರ್ಟೇ 2009ರ ಸರಳಾ ವರ್ಮಾ ಮತ್ತು 2017ರ ಪ್ರಣಯ್ ಸೇಠಿ ತೀರ್ಪುಗಳಲ್ಲಿ ಕೊಟ್ಟಿದೆ. ಒಂದು ಉದಾಹರಣೆ ತಗೊಳ್ಳಿ. ಹಿಂದೆ ಕೂತಿದ್ದವನು 30 ವರ್ಷದ, ಸ್ವಂತ ಕೆಲಸ ಮಾಡೋ ಮನುಷ್ಯ. ತಿಂಗಳಿಗೆ 15 ಸಾವಿರ ದುಡೀತಾನೆ. ಅವನನ್ನ ನಂಬಿ ಮನೆಯಲ್ಲಿ 4 ಜನ. ಮುಂದೆ ಹೆಚ್ಚಾಗಬಹುದಾದ ದುಡಿಮೆಗೆ ಶೇ 40 ಸೇರಿಸಿದರೆ 21 ಸಾವಿರ. ಅವನ ಸ್ವಂತ ಖರ್ಚಿಗೆ ಕಾಲು ಭಾಗ ಕಳೆದರೆ 15,750. ವರ್ಷಕ್ಕೆ 1 ಲಕ್ಷ 89 ಸಾವಿರ. ಆ ವಯಸ್ಸಿಗೆ 17ರಿಂದ ಗುಣಿಸಬೇಕು. ಬರೋದು 32 ಲಕ್ಷ 13 ಸಾವಿರ. ಅಂತ್ಯಸಂಸ್ಕಾರ ಇತ್ಯಾದಿ ಬಾಬ್ತು, ಬಡ್ಡಿ ಬೇರೆ. ಇದು ಒಬ್ಬನಿಗೆ. ಹಿಂದೆ 8 ಜನ ಕೂತಿದ್ದರೆ?

ಹಿಂದೆ ಕೂತವರು ನಿಮ್ಮ ಮನೆಯವರೇ ಆದರೆ ಇನ್ನೂ ಕೆಟ್ಟದು. ಅವರು ಪರಿಹಾರ ಕೇಳಬೇಕಾದ್ದು ಗಾಡಿ ಮಾಲೀಕನ ಹತ್ತಿರ, ಅಂದರೆ ನಿಮ್ಮ ಹತ್ತಿರ. ಪಾಲಿಸಿ ಜೊತೆ ಬರೋ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ಗಾಡಿ ಓಡಿಸೋ ಮಾಲೀಕನಿಗೆ ಮಾತ್ರ. ಮಕ್ಕಳಿಗೆ, ಹೆಂಡತಿಗೆ ಅದು ಇಲ್ಲ.

ಕೋರ್ಟ್ ಯಾವಾಗಲೂ ಗಾಡಿಯವರ ವಿರುದ್ಧ ಅಂತ ತಿಳಿಯಬೇಡಿ. 2024ರ ನವೆಂಬರ್ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ, 7,500 ಕೆ.ಜಿ. ಒಳಗಿನ ಸರಕು ಗಾಡಿಯನ್ನ ಎಲ್‌ಎಂವಿ ಲೈಸೆನ್ಸ್‌ನಲ್ಲೇ ಓಡಿಸಬಹುದು ಎಂದು ಸಡಿಲ ಮಾಡಿತು. ನಮ್ಮ ಪಿಕಪ್‌ಗಳೆಲ್ಲ ಆ ತೂಕದ ಒಳಗೇ ಬರ್ತವೆ. ಲೈಸೆನ್ಸ್ ವಿಷಯದಲ್ಲಿ ಅನುಕೂಲ ಆಯಿತು. ಹಿಂದೆ ಜನ ಕೂರಿಸೋ ವಿಷಯದಲ್ಲಿ ಸಡಿಲ ಆಗಿಲ್ಲ.

ಯಾಕೆ ಆಗಿಲ್ಲ ಅಂತ ಯಲ್ಲಾಪುರದ ಕಡೆ ನೋಡಿದರೆ ತಿಳೀತದೆ. 2025ರ ಜನವರಿ 22ರ ಬೆಳಗಿನ ಜಾವ ಸವಣೂರಿನಿಂದ ಕುಮಟಾ ಸಂತೆಗೆ ಹೊರಟಿದ್ದ ಹಣ್ಣು ತರಕಾರಿ ಲಾರಿ ಘಟ್ಟದ ರಸ್ತೆಯಲ್ಲಿ ಉರುಳಿ 10 ಜನ ವ್ಯಾಪಾರಿಗಳು ಸತ್ತರು. ಸರಕಿನ ಜೊತೆಯಲ್ಲೇ ಕೂತು ಹೊರಟಿದ್ದ ಜನ. ಸೀಟು ಬೆಲ್ಟು ಏನೂ ಇಲ್ಲದ ಜಾಗದಲ್ಲಿ ಗಾಡಿ ಉರುಳಿದರೆ ಮನುಷ್ಯ ಲೋಡಿನ ಕೆಳಗೆ ಹೋಗ್ತಾನೆ. ನಮ್ಮ ಚಿಕ್ಕತಿರುಪತಿಗೆ ಶ್ರಾವಣ ಶನಿವಾರ, ಆವಣಿ ಜಾತ್ರೆಗೆ ಶಿವರಾತ್ರಿ ಸಮಯದಲ್ಲಿ ಎಷ್ಟು ಗಾಡಿ ಹೀಗೆ ಹೋಗ್ತವೆ ಅಂತ ನೀವೇ ಯೋಚಿಸಿ.

ಎತ್ತರ ಮಾಡಿಸಿದರೆ ಗಾಡಿಗೆ ಏನಾಗ್ತದೆ

ಕಾನೂನು ಪಕ್ಕಕ್ಕಿಡೋಣ. ಗಾಡಿ ಕೆಲಸದ ಮಾತಾಡೋಣ.

ಮೇವಿನ ಹೊರೆ ಎತ್ತರಕ್ಕೆ ಹೇರಿದ ಟ್ರೇಲರ್ ಬದುವಿನ ಮೇಲೆ ಯಾಕೆ ವಾಲ್ತದೆ ಅಂತ ರೈತರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಪಿಕಪ್ ಎತ್ತರ ಮಾಡಿಸಿದಾಗಲೂ ಅದೇ ಕಥೆ. ಭಾರ ಮೇಲಕ್ಕೆ ಹೋಯಿತು, ಚಕ್ರಗಳ ನಡುವಿನ ಅಗಲ ಹಾಗೇ ಉಳಿಯಿತು. ಅದರ ಮೇಲೆ ಟೆಂಟ್, ಕ್ಯಾರಿಯರ್ ಹಾಕಿದರೆ ತಿರುವಿನಲ್ಲಿ ಇನ್ನೂ ಹೆಚ್ಚು ವಾಲ್ತದೆ.

ಪಟ್ಟೆ ಮತ್ತು ಆಕ್ಸಲ್ ನಡುವೆ ಕಬ್ಬಿಣದ ಬ್ಲಾಕ್ ಇಟ್ಟು ಎತ್ತರ ಮಾಡ್ತಾರೆ. ಆಗ ಪ್ರೊಪೆಲ್ಲರ್ ಶಾಫ್ಟಿನ ಕೋನ ಬದಲಾಗಿ ಕ್ರಾಸ್ ಬೇಗ ಸವೀತದೆ. ಬ್ರೇಕ್ ಹೋಸ್ ಬಿಗಿಯಾಗ್ತದೆ. ಇದಕ್ಕಿಂತ ಅಪಾಯದ ವಿಷಯ ಒಂದಿದೆ. ಕೆಲವು ಪಿಕಪ್‌ಗಳಲ್ಲಿ ಲೋಡ್ ನೋಡಿ ಹಿಂದಿನ ಬ್ರೇಕ್ ಹೆಚ್ಚು ಕಮ್ಮಿ ಮಾಡೋ ವಾಲ್ವ್ ಇರ್ತದೆ. ಬಾಡಿ ಎಷ್ಟು ಕೆಳಗೆ ಕೂತಿದೆ ಅನ್ನೋದರ ಮೇಲೆ ಅದು ಲೋಡ್ ತಿಳೀತದೆ. ನೀವು ಬಾಡಿ ಎತ್ತಿದರೆ ಗಾಡಿ ಯಾವಾಗಲೂ ಖಾಲಿ ಇದೆ ಅಂತ ವಾಲ್ವ್ ತಿಳ್ಕೊಂಡು ಹಿಂದಿನ ಬ್ರೇಕ್ ಕಮ್ಮಿ ಕೊಡ್ತದೆ. ಭಾನುವಾರ ಟೆಂಟ್ ಜೊತೆ ಇದು ಗೊತ್ತಾಗಲ್ಲ. ಸೋಮವಾರ 15 ಕೆ.ಜಿ.ಯ 80 ಟೊಮೆಟೊ ಬಾಕ್ಸ್, ಅಂದರೆ 1,200 ಕೆ.ಜಿ. ಹಾಕಿಕೊಂಡು ಕೋಲಾರ ಎಪಿಎಂಸಿಗೆ ಹೋಗುವಾಗ ಗೊತ್ತಾಗ್ತದೆ.

ದೊಡ್ಡ ಟೈರ್ ಹಾಕಿದರೆ ಮೀಟರ್ ಸುಳ್ಳು ಹೇಳ್ತದೆ. ಟೈರ್ ಎತ್ತರ ಶೇ 10 ಹೆಚ್ಚಾದರೆ ಮೀಟರ್ 60 ತೋರಿಸುವಾಗ ಗಾಡಿ 66ರಲ್ಲಿ ಓಡ್ತಿರ್ತದೆ. ಪ್ರತಿ ಸಲ ಗಾಡಿ ಎತ್ತುವಾಗ ಕ್ಲಚ್‌ಗೆ ಹೆಚ್ಚು ಶ್ರಮ. ಲೋಡ್ ಗಾಡಿಯ ಕ್ಲಚ್ ಖರ್ಚು ಎಷ್ಟು ಅಂತ ನಿಮಗೆ ಗೊತ್ತೇ ಇದೆ.

ಇನ್ನೊಂದು ಮಾತು ಮನೆಯವರಿಗೆ ಹೇಳಬೇಕು. ಹಿಂದಿನ ಬಾಡಿಗೆ ಮೂರೂ ಕಡೆ ಟಾರ್ಪಾಲು ಮುಚ್ಚಿ ಹಿಂದೆ ಮಾತ್ರ ತೆರೆದಿಟ್ಟು ಓಡಿಸಿದರೆ ಸೈಲೆನ್ಸರ್ ಹೊಗೆ ಒಳಕ್ಕೆ ಎಳೆದುಕೊಳ್ತದೆ. ಅದರಲ್ಲಿರೋ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಮಲಗಿರೋ ಮಗು ಎಚ್ಚರ ಆಗಲ್ಲ. ಚಳಿ ಅಂತ ಮುಚ್ಚಿದ ಟೆಂಟ್ ಒಳಗೆ ಇದ್ದಿಲು ಒಲೆ ಇಟ್ಟರೂ ಅದೇ ಅಪಾಯ.

ದುಡ್ಡು ಹಾಕೋದಾದರೆ ಎಲ್ಲಿ

ಹಾಗಾದರೆ ಪಿಕಪ್‌ನಲ್ಲಿ ಏನೂ ಮಾಡಬಾರದಾ? ಮಾಡಬಹುದು. ಒಂದು ಸಣ್ಣ ನಿಯಮ ಇಟ್ಕೊಳ್ಳಿ. ಇಟ್ಟು ಇಳಿಸೋದು ಸರಿ, ಕೊರೆದು ವೆಲ್ಡ್ ಮಾಡೋದು ಬೇಡ.

ಟೆಂಟ್, ಪಾತ್ರೆ, ನೀರಿನ ಕ್ಯಾನ್, ಹಾಸಿಗೆ, ಮಡಚೋ ಮೇಜು ಇವೆಲ್ಲ ಹಿಂದೆ ಹಾಕಿ ಹಗ್ಗ ಬಿಗಿದರೆ ಅದು ಲೋಡ್. ಸರಕು ಗಾಡಿ ಇರೋದೇ ಅದಕ್ಕೆ. ಜಾಗ ತಲುಪಿ ಗಾಡಿ ನಿಲ್ಲಿಸಿದ ಮೇಲೆ ಹಿಂದಿನ ಬಾಡಿಯಲ್ಲೇ ಹಾಸಿಗೆ ಹಾಸಿ ಮಲಗಿ, ಟಾರ್ಪಾಲು ಕಟ್ಟಿ, ಅಡುಗೆ ಮಾಡಿ, ಯಾರೂ ಬೇಡ ಅನ್ನಲ್ಲ. ಗಾಡಿ ಓಡೋವಾಗ ಹಿಂದೆ ಜನ ಇರಬಾರದು, ಅಷ್ಟೇ. ಖಾಲಿ ಪಿಕಪ್ ಹಿಂದೆ ಕುಣೀತದೆ ಅನ್ನೋರು 100 ಲೀಟರ್ ನೀರಿನ ಕ್ಯಾನ್‌ಗಳನ್ನ ಬಾಡಿ ತಳದಲ್ಲಿ ಆಕ್ಸಲ್ ಹತ್ತಿರ ಇಡಿ. 100 ಕೆ.ಜಿ. ಭಾರ ಕೆಳಗೇ ಕೂರ್ತದೆ, ನೀರೂ ಆಯಿತು.

ದುಡ್ಡು ಖರ್ಚು ಮಾಡಲೇಬೇಕಾದರೆ ಕಂಪನಿ ಹೇಳಿದ ಅಳತೆಯಲ್ಲೇ ಒಳ್ಳೆ ಟೈರ್ ಹಾಕಿಸಿ. ಶಾಕ್ ಅಬ್ಸಾರ್ಬರ್, ಪಟ್ಟೆಯ ಬುಷ್, ಬ್ರೇಕ್ ಸರಿ ಮಾಡಿಸಿ. ಒಂದು ಗಟ್ಟಿ ಎಳೆಯೋ ಬೆಲ್ಟು, ಗುದ್ದಲಿ, ನಾಲ್ಕು ಗೋಣಿಚೀಲ, ಗಾಳಿ ತುಂಬೋ ಪಂಪ್, ಪ್ರಥಮ ಚಿಕಿತ್ಸೆ ಡಬ್ಬ ತಗೊಳ್ಳಿ. ಕೆಸರಿನಲ್ಲಿ ಸಿಕ್ಕಿದ ಗಾಡಿಯನ್ನ ಟ್ರಾಕ್ಟರ್‌ನಿಂದ ಎಳೆಯುವಾಗ ಬೆಲ್ಟ್ ಬಂಪರ್‌ಗೆ ಕಟ್ಟಬೇಡಿ, ಎಳೆಯೋ ಹುಕ್ಕಿಗೇ ಕಟ್ಟಿ. ಜನ ದೂರ ನಿಲ್ಲಲಿ. ಬಿಗಿಯಾದ ಬೆಲ್ಟ್ ಕಿತ್ತು ಬಂದರೆ ಕಾಲು ಮುರಿಯೋ ಏಟು. ಹೊರಗಿನಿಂದ ಏನೇ ಸಾಮಾನು ಹಾಕಿಸಿದರೂ ಇನ್ಶೂರೆನ್ಸ್ ಕಂಪನಿಗೆ ಬರೆದು ತಿಳಿಸಿ, ಪಾಲಿಸಿಯಲ್ಲಿ ಸೇರಿಸಿ.

ಮನೆಮಂದಿ ಜೊತೆ ತಿರುಗೋದೇ ಮುಖ್ಯ ಅನ್ನೋರು ಮುಂದಿನ ಸಲ ಗಾಡಿ ತಗೊಳ್ಳುವಾಗಲೇ ಡಬಲ್ ಕ್ಯಾಬಿನ್ ನೋಡಿ. ಬೊಲೆರೊ ಕ್ಯಾಂಪರ್ ಥರದ್ದರಲ್ಲಿ ಮುಂದೆ 5 ಜನ, ಹಿಂದೆ ಲೋಡ್. ಹೊರೋ ತೂಕ ಸ್ವಲ್ಪ ಕಮ್ಮಿ, ಆದರೆ ಆರ್‌ಸಿಯಲ್ಲೇ 5 ಸೀಟು ಇರ್ತದೆ. ಒಳಗೇ ಹಾಸಿಗೆ ಅಡುಗೆಮನೆ ಇರೋ ಗಾಡಿ ಬೇಕು ಅಂದರೆ ಕ್ಯಾರವಾನ್ ಅಂತಲೇ ಪ್ರತ್ಯೇಕ ಮಾನದಂಡ ಇದೆ. ಅದನ್ನ ಅನುಮೋದನೆ ಇರೋ ಬಾಡಿ ಬಿಲ್ಡರ್ ಹತ್ತಿರ ಮಾಡಿಸಬೇಕು. ರಸ್ತೆ ಬದಿ ವೆಲ್ಡಿಂಗ್ ಅಂಗಡಿಯಲ್ಲಿ ಆಗೋ ಕೆಲಸ ಅಲ್ಲ.

ಎಲ್ಲಿ ಹೋಗಬಾರದು

ನಮ್ಮ ಸುತ್ತಮುತ್ತ ಕಲ್ಲು ಬಂಡೆ, ಕುರುಚಲು ಕಾಡು, ಕೆರೆ ಅಂಗಳ ಎಲ್ಲ ಇದೆ. ಆಫ್‌ರೋಡಿಂಗ್‌ಗೆ ಇದಕ್ಕಿಂತ ಜಾಗ ಬೇಕಾ ಅಂತ ಅನ್ನಿಸ್ತದೆ. ನಾಲ್ಕು ಜಾಗ ಬಿಡಿ.

ಒಂದು, ಮೀಸಲು ಅರಣ್ಯ. ಅನುಮತಿ ಇಲ್ಲದೆ ನುಗ್ಗೋದು, ಬೆಂಕಿ ಹಾಕೋದು ಕರ್ನಾಟಕ ಅರಣ್ಯ ಕಾಯ್ದೆ 1963ರ ಪ್ರಕಾರ ಅಪರಾಧ. 2024ರ ಜನವರಿಯಲ್ಲಿ ಕುಮಾರ ಪರ್ವತದಲ್ಲಿ ಜನ ಕಿಕ್ಕಿರಿದ ಮೇಲೆ ಚಾರಣಕ್ಕೇ ಅರಣ್ಯ ಇಲಾಖೆ ಕಡಿವಾಣ ಹಾಕಿತು. ನಡಕೊಂಡು ಹೋಗೋರಿಗೇ ಈ ಗತಿ ಅಂದರೆ ಗಾಡಿ ನುಗ್ಗಿಸೋರನ್ನ ಬಿಡ್ತಾರಾ? ಮಾಲೂರು, ಬಂಗಾರಪೇಟೆಯ ಗಡಿ ಊರುಗಳಿಗೆ ತಮಿಳುನಾಡು ಕಡೆಯಿಂದ ಆನೆ ಬರ್ತವೆ. ಬೂದಿಕೋಟೆ, ಕಾಮಸಮುದ್ರದ ಕಡೆ ರಾತ್ರಿ ಟೆಂಟ್ ಹಾಕೋ ಯೋಚನೆ ಇದ್ದರೆ ಊರವರನ್ನ ಕೇಳಿ, ಅವರು ಬೇಡ ಅಂದರೆ ವಾಪಸ್ ಬನ್ನಿ.

ಎರಡು, ಕಲ್ಲು ಕ್ವಾರಿ. ಟೇಕಲ್‌ನವರಿಗೆ ಹೇಳೋದು ಬೇಡ, ಆದರೆ ನೆಂಟರಿಗೆ ಹೇಳಬೇಕು. ನೀರು ತುಂಬಿದ ಹಳೇ ಗುಂಡಿಯ ಆಳ ದಡದಿಂದ ಕಾಣಲ್ಲ, ಅಂಚು ನೇರ ಕೆಳಕ್ಕೆ ಇಳೀತದೆ. ನಡೀತಿರೋ ಕ್ವಾರಿಯಲ್ಲಿ ಸಿಡಿತದ ಕಲ್ಲು ಎಲ್ಲಿಗೆ ಬೀಳ್ತದೆ ಅಂತ ಹೇಳೋಕಾಗಲ್ಲ.

ಮೂರು, ಕೆಜಿಎಫ್‌ನ ಸೈನೈಡ್ ದಿಬ್ಬ. ಸಿನಿಮಾದಲ್ಲಿ ನೋಡಿ ಅಲ್ಲಿಗೆ ಗಾಡಿ ಹತ್ತಿಸೋ ಆಸೆ ತುಂಬಾ ಜನಕ್ಕೆ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ಮೇಲೂ ಉಳಿದ ಗುಡ್ಡಗಳು ಅವು. ಚಿನ್ನ ತೆಗೆಯೋಕೆ ಅದಿರು ಪುಡಿ ಮಾಡಿ ಸೈನೈಡ್‌ನಲ್ಲಿ ಸಂಸ್ಕರಿಸಿ ಬಿಸಾಕಿದ ಮಣ್ಣು. ಗಾಡಿ ಓಡಿದರೆ ಏಳೋ ಸಿಲಿಕಾ ಧೂಳು ಶ್ವಾಸಕೋಶಕ್ಕೆ ಹೋಗ್ತದೆ. ಮಕ್ಕಳನ್ನ ಆಟಕ್ಕೆ ಬಿಡೋ ಜಾಗ ಅಲ್ಲ.

ನಾಲ್ಕು, ಕೆ.ಸಿ. ವ್ಯಾಲಿ ನೀರು ತುಂಬಿದ ಕೆರೆ ದಡ. 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಮೊದಲು ಬಂದ ಈ ನೀರು ಬೆಂಗಳೂರಿನ ಕೊಳಚೆಯನ್ನ ಎರಡು ಹಂತ ಶುದ್ಧ ಮಾಡಿ ಬಿಟ್ಟದ್ದು. ಅಂತರ್ಜಲ ಏರಿಸೋಕೆ ಅಂತ ಬಿಟ್ಟಿದ್ದಾರೆ, ಕುಡಿಯೋಕೆ, ಸ್ನಾನಕ್ಕೆ ಅಲ್ಲ. ದಡದಲ್ಲಿ ಟೆಂಟ್ ಹಾಕಿ ಅದೇ ನೀರಲ್ಲಿ ಅಕ್ಕಿ ತೊಳೆಯಬೇಡಿ. ಒಣಗಿದ ಹಾಗೆ ಕಾಣೋ ಕೆರೆ ಅಂಗಳದ ಮೇಲ್ಪದರ ಗಟ್ಟಿ ಇದ್ದು ಕೆಳಗೆ ಕೆಸರಿರ್ತದೆ. ಹಿಂದಿನ ಚಕ್ರ ಮಾತ್ರ ತಳ್ಳೋ ಗಾಡಿ ಅಲ್ಲಿ ಹೂತರೆ ರಾತ್ರಿಯಿಡೀ ಅಲ್ಲೇ.

ನಮ್ಮೂರಿಗೆ ಲಾಭ ಎಲ್ಲಿದೆ

ಇಷ್ಟೆಲ್ಲ ಬೇಡ ಬೇಡ ಅಂದ ಮೇಲೆ ಬೇಕು ಅನ್ನೋದನ್ನೂ ಹೇಳಬೇಕು. ಬೆಂಗಳೂರಿನವರು ಬರೋದು ನಿಲ್ಲಲ್ಲ, ರಸ್ತೆ ಸುಲಭ ಆದಷ್ಟೂ ಹೆಚ್ಚಾಗ್ತದೆ. ಅವರಿಗೆ ಬೇಕಿರೋದು ಗಾಡಿ ನಿಲ್ಲಿಸೋಕೆ ಸುರಕ್ಷಿತ ಜಾಗ, ಶೌಚಾಲಯ, ಕುಡಿಯೋ ನೀರು, ಬಿಸಿ ಊಟ. ತೋಟ ಇರೋರು ಒಂದು ಮೂಲೆ ಸಮ ಮಾಡಿ ಇಷ್ಟು ಕೊಟ್ಟರೆ ಶ್ರೀನಿವಾಸಪುರದ ಮಾವಿನ ತೋಪಾಗಲಿ ಟೇಕಲ್‌ನ ಬಂಡೆ ನೆರಳಾಗಲಿ ದುಡ್ಡು ತರ್ತದೆ. ಪಂಚಾಯಿತಿಯಲ್ಲಿ ವಿಚಾರಿಸಿ, ಬೇಕಾದ ಅನುಮತಿ ತಗೊಂಡು ಮಾಡಿ.

ಪಿಕಪ್ ಮಾಲೀಕನಿಗೆ ಇದರಲ್ಲಿ ನೇರ ಕೆಲಸ ಇದೆ. ಟೆಂಟು, ಹಾಸಿಗೆ, ಸೌದೆ, ನೀರು, ಅಡುಗೆ ಸಾಮಾನು ಸಾಗಿಸೋಕೆ ಹಳದಿ ಬೋರ್ಡ್ ಗಾಡಿಯೇ ಬೇಕು. ಗಾಡಿಗೆ ಒಂದು ಬೋಲ್ಟ್ ಹೆಚ್ಚಿಗೆ ಹಾಕದೆ, ಪರ್ಮಿಟ್ ಒಳಗೇ, ಬಾಡಿಗೆ ಸಿಗ್ತದೆ. ಕಿರಾಣಿ, ಹಾರ್ಡ್‌ವೇರ್ ಅಂಗಡಿಯವರು ಹಗ್ಗ, ಟಾರ್ಪಾಲು, ಟಾರ್ಚು, ಸೊಳ್ಳೆ ಬತ್ತಿ, ಇದ್ದಿಲು ಒಂದು ಕಡೆ ಜೋಡಿಸಿಟ್ಟರೆ ಭಾನುವಾರದ ವ್ಯಾಪಾರ ಬೇರೆ ಥರ ಆಗ್ತದೆ.

ಸ್ವಂತ ಮನೆಯವರ ಜೊತೆ ಹೋಗೋದಕ್ಕೂ ಇದೇ ದಾರಿ. ಸಾಮಾನು ಪಿಕಪ್‌ನಲ್ಲಿ, ಜನ ಕಾರಲ್ಲೋ ಬಸ್ಸಲ್ಲೋ. ಟೇಕಲ್‌ಗೆ ರೈಲ್ವೆ ಸ್ಟೇಷನ್ನೂ ಇದೆ. ಸ್ವಲ್ಪ ಖರ್ಚು ಹೆಚ್ಚು, ಒಂದು ಟ್ಯಾಕ್ಸಿ ಬಾಡಿಗೆ ಆಗಬಹುದು. ಅದನ್ನ ಮೇಲಿನ 32 ಲಕ್ಷದ ಪಕ್ಕ ಇಟ್ಟು ನೋಡಿ.

ಕ್ಯಾಂಪಿಂಗ್ ಪ್ಲಾನ್ ಮಾಡೋ ಮುಂಚೆ ಡ್ಯಾಶ್‌ಬೋರ್ಡ್‌ನಲ್ಲಿ ಮಡಚಿಟ್ಟಿರೋ ಆರ್‌ಸಿ ತೆಗೆದು ಎರಡು ಸಾಲು ಓದಿ: ಸೀಟ್ ಎಷ್ಟು, ಬಾಡಿ ಯಾವ ಥರ. ಸಿಂಗಲ್ ಕ್ಯಾಬಿನ್ ಪಿಕಪ್‌ನಲ್ಲಿ ಸಾಮಾನ್ಯವಾಗಿ ಡ್ರೈವರ್ ಸೇರಿ 2 ಸೀಟ್ ಅಂತ ಇರ್ತದೆ. ನಿಮ್ಮ ಮನೆಯಲ್ಲಿ 6 ಜನ ಇದ್ದರೆ ಉಳಿದ 4 ಜನಕ್ಕೆ ಬೇರೆ ಗಾಡಿ ನೋಡಿ.